ಫಾರ್ಮಲಿನ್‌ನಲ್ಲಿ ನಿಂತ ಪ್ರೋಟೀನ್: ಮಟನ್ ಅಂಗಡಿಯಿಂದ ಸ್ಲೈಡಿನವರೆಗೆ

"ಸತ್ತ ಅಂಗಾಂಶದಲ್ಲಿ ಪ್ರೋಟೀನ್ ಓಡಾಡುವುದು ಕಾಣುತ್ತದೆಯೇ ಮೇಡಂ?" ಎಂದು ಪ್ರಾಜೆಕ್ಟ್‌ಗೆ ಬರುವ ಎಂ.ಎಸ್ಸಿ. ವಿದ್ಯಾರ್ಥಿಗಳು ಕೇಳುತ್ತಾರೆ. ಕಾಣುವುದಿಲ್ಲ. ಅಂಗಾಂಶ ಕೆಡದಂತೆ ಹಿಡಿದಿಡುವ ಫಾರ್ಮಲಿನ್ ದ್ರಾವಣ ಒಳಹೊಕ್ಕ ಮೇಲೆ ಜೀವಕೋಶದಲ್ಲಿ ಎಲ್ಲವೂ ನಿಂತಲ್ಲೇ ನಿಲ್ಲುತ್ತದೆ. ಯಾವ ಪ್ರೋಟೀನ್ ಎಲ್ಲಿ ನಿಂತಿತ್ತು ಎಂಬುದಷ್ಟೇ ಕಾಣುತ್ತದೆ. ಅದೇನು ಕಡಿಮೆಯಲ್ಲ. ಪ್ರೋಟೀನ್ ಸಾಗಣೆಯ ಬಗ್ಗೆ ಪಠ್ಯಪುಸ್ತಕದಲ್ಲಿ ನಾವು ಓದುವ ಮೂಲಪಾಠವೇ ಹೀಗೆ ನಿಲ್ಲಿಸಿದ ಅಂಗಾಂಶದಿಂದ ಬಂದದ್ದು.

1960ರ ದಶಕದಲ್ಲಿ ಜಾರ್ಜ್ ಪಲಾಡೆ ಮತ್ತು ಜೇಮ್ಸ್ ಜೇಮಿಸನ್ ಗಿನಿಪಿಗ್‌ನ ಮೇದೋಜೀರಕ ಗ್ರಂಥಿಯ ತೆಳು ಹೋಳುಗಳಿಗೆ ಕೇವಲ 3 ನಿಮಿಷ ವಿಕಿರಣಶೀಲ ಅಮೈನೋ ಆಮ್ಲ ಕೊಟ್ಟರು. ಆಮೇಲೆ ಹೋಳುಗಳನ್ನು ಸಾಮಾನ್ಯ ಅಮೈನೋ ಆಮ್ಲದ ದ್ರಾವಣಕ್ಕೆ ದಾಟಿಸಿ, ಬೇರೆ ಬೇರೆ ಹೊತ್ತಿಗೆ ತೆಗೆದು ಫಿಕ್ಸ್ ಮಾಡಿದರು, ಅಂದರೆ ನಿಂತಲ್ಲೇ ನಿಲ್ಲಿಸಿದರು. ಕೂಡಲೇ ಫಿಕ್ಸ್ ಮಾಡಿದ ಹೋಳಿನಲ್ಲಿ ವಿಕಿರಣದ ಗುರುತು ಪ್ರೋಟೀನ್ ತಯಾರಾಗುವ ಜಾಗವಾದ ಒರಟು ಎಂಡೋಪ್ಲಾಸ್ಮಿಕ್ ರೆಟಿಕ್ಯುಲಂ ಮೇಲೆ ಸಿಕ್ಕಿತು. 17 ನಿಮಿಷ ಬಿಟ್ಟು ತೆಗೆದದ್ದರಲ್ಲಿ ಅದು ಪ್ರೋಟೀನನ್ನು ಸಂಸ್ಕರಿಸಿ ಮುಂದೆ ಕಳಿಸುವ ಗಾಲ್ಗಿ ಸಂಕೀರ್ಣದಲ್ಲಿತ್ತು. 117 ನಿಮಿಷದ ಹೋಳಿನಲ್ಲಿ ಸ್ರವಿಕೆಯ ಕಣಗಳನ್ನು ಸೇರಿ, ನಾಳದ ಬಾಯಿಯನ್ನೂ ತಲುಪಿತ್ತು. ಹಾಸನ ಬಸ್ ನಿಲ್ದಾಣದ ಒಂದು ಫೋಟೊ ನೋಡಿ ಯಾವ ಬಸ್ಸು ಬರುತ್ತಿದೆ, ಯಾವುದು ಹೊರಡುತ್ತಿದೆ ಎಂದು ಹೇಳಲಾಗದು. ಹತ್ತು ನಿಮಿಷಕ್ಕೊಂದು ಫೋಟೊ ಇದ್ದರೆ ಸಕಲೇಶಪುರದ ಬಸ್ಸು ಯಾವಾಗ ಹೊರಟಿತೆಂದು ಕೂತಲ್ಲೇ ಹೇಳಬಹುದು. ಪಲಾಡೆ ಮಾಡಿದ್ದು ಇದನ್ನೇ. 1974ರ ನೊಬೆಲ್ ಅನ್ನು ಅವರು ಆಲ್ಬರ್ಟ್ ಕ್ಲೋಡ್ ಮತ್ತು ಕ್ರಿಶ್ಚಿಯನ್ ಡ ಡುವ್ ಜೊತೆ ಹಂಚಿಕೊಂಡರು.

ನಮ್ಮಲ್ಲಿ ವಿಕಿರಣಶೀಲ ಅಮೈನೋ ಆಮ್ಲವಿಲ್ಲ. ಬಿ.ಎಂ. ರಸ್ತೆಯ ಪಕ್ಕದ ಸಣ್ಣ ಲ್ಯಾಬಿನಲ್ಲಿ ಬಯಾಪ್ಸಿ ಬ್ಲಾಕ್ (ಮೇಣದಲ್ಲಿ ಕೂರಿಸಿದ ಅಂಗಾಂಶ) ಕತ್ತರಿಸುವುದು ನನ್ನ ಹೊಟ್ಟೆಪಾಡು. ತೆಳು ಹೋಳು ಕತ್ತರಿಸುವ ಮೈಕ್ರೋಟೋಮ್, ಮೇಣದ ಓವನ್, ಒಂದು ಒಳ್ಳೆಯ ಸೂಕ್ಷ್ಮದರ್ಶಕ, ಒಂದು ಫ್ರಿಜ್ ಇದೆ. ಇಷ್ಟರಲ್ಲಿ ಏನು ಮಾಡಬಹುದೋ ಅದನ್ನು ಬರೆಯುತ್ತೇನೆ. ನಮಗೆ ಸಿಗುವುದು ಒಂದೇ ಫೋಟೊ, ಅದರಲ್ಲಿ ನಿಲ್ದಾಣಗಳ ನಕ್ಷೆ ಸಿಗುತ್ತದೆ, ವೇಳಾಪಟ್ಟಿ ಸಿಗುವುದಿಲ್ಲ. ಇದನ್ನು ಒಪ್ಪಿಕೊಂಡವರು ಮುಂದೆ ಓದಿ.

ಯಾವ ಅಂಗ, ಎಲ್ಲಿಂದ

ಆಡಿನ ಅಥವಾ ಕುರಿಯ ಮೇದೋಜೀರಕ ಗ್ರಂಥಿ. ಇದಕ್ಕಿಂತ ಒಳ್ಳೆಯ ಪಾಠ ಹೇಳುವ ಅಂಗ ಇನ್ನೊಂದಿಲ್ಲ ಎಂಬುದು ನನ್ನ ಹಟ. ಲಿವರ್ ಸುಲಭವಾಗಿ ಸಿಗುತ್ತದೆ, ಎಲ್ಲರೂ ಅದನ್ನೇ ತರುತ್ತಾರೆ. ಆದರೆ ಲಿವರ್ ಕೋಶ ತಾನು ತಯಾರಿಸಿದ ಆಲ್ಬುಮಿನ್‌ನಂಥ ಪ್ರೋಟೀನನ್ನು ಕೂಡಿಡದೆ ಸುರಿಯುತ್ತಲೇ ಇರುತ್ತದೆ, ಹಾಗಾಗಿ ಸಾಲಾಗಿ ಕಾದು ನಿಂತ ಸರಕು ಅಲ್ಲಿ ಕಣ್ಣಿಗೆ ಬೀಳುವುದಿಲ್ಲ. ಮೇದೋಜೀರಕದ ಕೋಶ ಜೀರ್ಣಕಿಣ್ವಗಳನ್ನು ತಯಾರಿಸಿ, ಕಣಗಳಲ್ಲಿ ತುಂಬಿ, ಬಾಗಿಲಲ್ಲಿ ಪೇರಿಸಿಟ್ಟುಕೊಳ್ಳುತ್ತದೆ. ಒಂದೊಂದು ಕಣವೂ ಸುಮಾರು 1 ಮೈಕ್ರೋಮೀಟರ್ ದಪ್ಪ. ಬೆಳಕಿನ ಸೂಕ್ಷ್ಮದರ್ಶಕಕ್ಕೆ 0.2 ಮೈಕ್ರೋಮೀಟರ್‌ಗಿಂತ ಹತ್ತಿರದ ಎರಡು ಚುಕ್ಕೆಗಳನ್ನು ಬೇರೆ ಮಾಡಿ ತೋರಿಸಲಾಗದು, ಆದರೆ ಈ ಕಣಗಳು ಆರಾಮವಾಗಿ ಕಾಣುತ್ತವೆ. ಇನ್ನೊಂದು ಅನುಕೂಲವೆಂದರೆ ಈ ಕೋಶಕ್ಕೆ ತಳ, ತಲೆ ಎಂಬ ಸ್ಪಷ್ಟ ದಿಕ್ಕುಗಳಿವೆ. ತಳದಲ್ಲಿ ಉತ್ಪಾದನೆ, ನಡುವೆ ಗಾಲ್ಗಿ, ತಲೆಯಲ್ಲಿ ಸರಕು.

ಇದಕ್ಕಾಗಿ ಪ್ರಾಣಿಯನ್ನು ಕೊಲ್ಲಬೇಕಿಲ್ಲ. ಕೊಲ್ಲಲೂಬಾರದು. ಆಹಾರಕ್ಕೆಂದು ಕಡಿದ ಪ್ರಾಣಿಯಿಂದ, ಯಾರೂ ತಿನ್ನದ ಭಾಗವನ್ನು ಕೇಳಿ ಪಡೆಯುವುದು. ಆದರೂ ಕಾಲೇಜಿನ ಸಮಿತಿಗೆ ಒಂದು ಪತ್ರ ಬರೆದು ಒಪ್ಪಿಗೆ ಪಡೆದಿಡಿ, ಆಮೇಲೆ ವರದಿಯ ಹೊತ್ತಿಗೆ ಓಡಾಡುವುದು ತಪ್ಪುತ್ತದೆ.

ನಾನು ಹೋಗುವ ಅಂಗಡಿಯ ಯಜಮಾನರು ಮೊದಲ ಸಲ ಕೇಳಿದಾಗ, "ಅಕ್ಕ, ಬೋಟಿ ಬೇಕೆಂದರೆ ತೊಳೆದು ಕೊಡುತ್ತೇನೆ, ಇದನ್ನು ತೆಗೆದುಕೊಂಡು ಏನು ಮಾಡುತ್ತೀರಿ?" ಎಂದಿದ್ದರು. ಈಗ ಅವರೇ ತೆಗೆದಿಡುತ್ತಾರೆ. ಹೊಸಬರು ತಾವೇ ಗುರುತಿಸಬೇಕಾಗುತ್ತದೆ. ಹೊಟ್ಟೆಯಿಂದ ಹೊರಟ ಸಣ್ಣ ಕರುಳಿನ ಮೊದಲ ತಿರುವಿಗೆ ಅಂಟಿಕೊಂಡು, ತಿಳಿಗುಲಾಬಿ ಬಣ್ಣದಲ್ಲಿ, ಸಣ್ಣ ಸಣ್ಣ ಗಂಟುಗಳ ಗೊಂಚಲಿನಂತೆ ಇರುತ್ತದೆ. ಸುತ್ತಲೂ ಬಿಳಿ ಕೊಬ್ಬು. ಅನುಮಾನ ಬಂದರೆ ಒಂದು ಚೂರನ್ನು ಫಾರ್ಮಲಿನ್ ದ್ರಾವಣಕ್ಕೆ ಹಾಕಿ ನೋಡಿ: ಕೊಬ್ಬು ತೇಲುತ್ತದೆ, ಗ್ರಂಥಿ ಮುಳುಗುತ್ತದೆ.

ಬೆಳಗ್ಗೆ ಅಂಗಡಿ ತೆರೆಯುವ ಮೊದಲೇ ಹೋಗಿ. ಭಾನುವಾರ ಬೇಡ, ಯುಗಾದಿಯ ಮಾರನೆಯ ಹೊಸತೊಡಕಿನ ದಿನವಂತೂ ಬೇಡವೇ ಬೇಡ. ಅಂದು ಯಾರಿಗೂ ನಿಮ್ಮ ಗ್ರಂಥಿಯನ್ನು ಹುಡುಕಿಕೊಡುವ ಪುರುಸೊತ್ತಿರುವುದಿಲ್ಲ, ಕರುಳಿನ ರಾಶಿಯಲ್ಲಿ ಯಾವುದು ಯಾವ ಹೊತ್ತಿನದೆಂದೂ ಗೊತ್ತಾಗುವುದಿಲ್ಲ.

ಮೊದಲ ಅರ್ಧ ಗಂಟೆ

ಇಡೀ ಕೆಲಸದ ಹಣೆಬರಹ ಇಲ್ಲಿ ತೀರ್ಮಾನವಾಗುತ್ತದೆ. ಮೇದೋಜೀರಕ ತುಂಬಿಕೊಂಡಿರುವುದೇ ಜೀರ್ಣಿಸುವ ಕಿಣ್ವಗಳನ್ನು. ಪ್ರಾಣ ಹೋಗಿ ರಕ್ತ ನಿಂತ ಮೇಲೆ ಅದು ತನ್ನನ್ನು ತಾನೇ ಜೀರ್ಣಿಸಿಕೊಳ್ಳತೊಡಗುತ್ತದೆ. ಕಣಗಳು ಒಡೆದು ಒಳಗಿನ ಕಿಣ್ವ ಕೋಶದ ತುಂಬ ಹರಡುತ್ತದೆ. ಇಂಥ ತುಣುಕಿಗೆ ಆಮೇಲೆ ಅಮೈಲೇಸ್ ಪ್ರತಿಕಾಯ (ಅಮೈಲೇಸ್ ಎಂಬ ಜೀರ್ಣಕಿಣ್ವಕ್ಕೆ ಅಂಟಿ, ಅದಿರುವ ಜಾಗವನ್ನು ಕಂದಾಗಿ ತೋರಿಸುವಂಥದ್ದು) ಹಾಕಿದರೆ ಇಡೀ ಕೋಶ ಕಂದಾಗುತ್ತದೆ, ವಿದ್ಯಾರ್ಥಿ ಸಂತೋಷದಿಂದ "ಪ್ರೋಟೀನ್ ಕೋಶದ್ರವ್ಯಕ್ಕೆ ಸಾಗಿದೆ" ಎಂದು ಬರೆಯುತ್ತಾನೆ. ಸಾಗಿದ್ದಲ್ಲ, ಸೋರಿದ್ದು. ಎಷ್ಟು ದುಬಾರಿ ಪ್ರತಿಕಾಯ ತಂದರೂ ಈ ಸೋರಿಕೆಯನ್ನು ಹಿಂದಕ್ಕೆ ತಿರುಗಿಸಲಾಗದು. ಆದ್ದರಿಂದ ಕಡಿದ ಹದಿನೈದು ನಿಮಿಷದೊಳಗೆ ತುಣುಕು ಫಾರ್ಮಲಿನ್‌ನಲ್ಲಿರಬೇಕು. ಅರ್ಧ ಗಂಟೆ ದಾಟಿದ್ದನ್ನು ನಾನು ತೆಗೆದುಕೊಳ್ಳುವುದಿಲ್ಲ.

ದ್ರಾವಣವನ್ನು ಹಿಂದಿನ ದಿನವೇ ಮಾಡಿಟ್ಟುಕೊಳ್ಳಿ. ಅಂಗಡಿಯಲ್ಲಿ ಸಿಗುವ ಫಾರ್ಮಲಿನ್‌ನಲ್ಲಿ 37ರಿಂದ 40 ಪ್ರತಿಶತ ಫಾರ್ಮಾಲ್ಡಿಹೈಡ್ ಇರುತ್ತದೆ. ಅದರಲ್ಲಿ 100 ಮಿಲಿಲೀಟರ್, ಭಟ್ಟಿ ಇಳಿಸಿದ ನೀರು 900 ಮಿಲಿಲೀಟರ್, ಸೋಡಿಯಂ ಡೈಹೈಡ್ರೋಜನ್ ಫಾಸ್ಫೇಟ್ ಮಾನೊಹೈಡ್ರೇಟ್ 4 ಗ್ರಾಂ, ನೀರಿನಂಶವಿಲ್ಲದ ಡೈಸೋಡಿಯಂ ಹೈಡ್ರೋಜನ್ ಫಾಸ್ಫೇಟ್ 6.5 ಗ್ರಾಂ. ಇದನ್ನೇ ನಾವು 10 ಪ್ರತಿಶತ ನ್ಯೂಟ್ರಲ್ ಬಫರ್ ಫಾರ್ಮಲಿನ್ ಎನ್ನುತ್ತೇವೆ, ನಿಜವಾದ ಫಾರ್ಮಾಲ್ಡಿಹೈಡ್ ಸುಮಾರು 4 ಪ್ರತಿಶತ. ಉಪ್ಪುಗಳನ್ನು ಬಿಟ್ಟು ಬರೀ ನೀರು ಬೆರೆಸಿದರೆ ದ್ರಾವಣ ಹುಳಿಯಾಗುತ್ತದೆ. ಹುಳಿ ಫಾರ್ಮಲಿನ್ ರಕ್ತದ ಜೊತೆ ಸೇರಿ ಕಂದುಗಪ್ಪು ಪುಡಿಯನ್ನು ಉದುರಿಸುತ್ತದೆ. ಮುಂದೆ ನೀವು ನೋಡಬೇಕಾದ ಬಣ್ಣವೂ ಕಂದೇ ಆಗಿರುವುದರಿಂದ ಎರಡರ ನಡುವೆ ಗೊಂದಲ ಖಂಡಿತ.

ಫಾರ್ಮಲಿನ್ ಬಾಟಲಿಯನ್ನು ಮಾಂಸದ ಹಲಗೆಯ ಬಳಿ ತೆರೆಯಬೇಡಿ. ಜನ ತಿನ್ನುವ ಪದಾರ್ಥವಿರುವ ಜಾಗ ಅದು. ಗ್ರಂಥಿಯನ್ನು ಸಣ್ಣ ಡಬ್ಬಿಗೆ ಹಾಕಿಸಿಕೊಂಡು ಹೊರಗೆ ಬಂದು, ನಿಮ್ಮದೇ ತಟ್ಟೆಯ ಮೇಲೆ, ಹೊಸ ಬ್ಲೇಡಿನಿಂದ 3 ಮಿಲಿಮೀಟರ್ ದಪ್ಪಕ್ಕೆ ಕತ್ತರಿಸಿ ದ್ರಾವಣಕ್ಕೆ ಬಿಡಿ. ಚಿಮುಟದಿಂದ ಹಿಂಡಬೇಡಿ, ನೀರಿನಲ್ಲಿ ತೊಳೆಯಲೂ ಬೇಡಿ. ಫಾರ್ಮಲಿನ್ ಒಳಗಿಳಿಯುವುದು ನಿಧಾನ. ದಪ್ಪ ತುಣುಕಿನ ಅಂಚು ಚೆನ್ನಾಗಿ ನಿಂತಿರುತ್ತದೆ, ನಡುಭಾಗ ಕೊಳೆತಿರುತ್ತದೆ. ಅಂಗಾಂಶದ ಗಾತ್ರಕ್ಕೆ ಹತ್ತು ಪಟ್ಟಾದರೂ ದ್ರಾವಣವಿರಲಿ, ಇಪ್ಪತ್ತಾದರೆ ಇನ್ನೂ ಒಳ್ಳೆಯದು. ಬಾಟಲಿಯ ಮೇಲೆ ಮತ್ತು ಒಳಗೆ ಹಾಕುವ ಚೀಟಿಯಲ್ಲಿ ಪೆನ್ಸಿಲ್‌ನಲ್ಲಿ ಬರೆಯಿರಿ, ಪೆನ್ನಿನ ಶಾಯಿ ಆಲ್ಕೋಹಾಲ್‌ನಲ್ಲಿ ಓಡಿಹೋಗುತ್ತದೆ. ಬರೆಯಬೇಕಾದದ್ದು: ಆಡೋ ಕುರಿಯೋ, ಗಂಡೋ ಹೆಣ್ಣೋ, ಕಡಿದ ಹೊತ್ತು, ದ್ರಾವಣಕ್ಕೆ ಬಿದ್ದ ಹೊತ್ತು, ರಾತ್ರಿ ಮೇವು ತಿಂದಿತ್ತೋ ಇಲ್ಲವೋ. ಕೊನೆಯದನ್ನು ಕೇಳಿದರೆ ಅಂಗಡಿಯವರು ನಗುತ್ತಾರೆ, ಆದರೂ ಕೇಳಿ. ಇಲಿಯಲ್ಲಿ ಊಟವಾದ ಮೇಲೆ ಕಣಗಳು ಖಾಲಿಯಾಗುವುದು ಚೆನ್ನಾಗಿ ಗೊತ್ತಾಗುತ್ತದೆ. ಮೆಲುಕು ಹಾಕುವ ಪ್ರಾಣಿಯಲ್ಲಿ ಕರುಳಿಗೆ ಆಹಾರ ಇಡೀ ದಿನ ಸ್ವಲ್ಪ ಸ್ವಲ್ಪವೇ ಇಳಿಯುತ್ತಿರುವುದರಿಂದ ವ್ಯತ್ಯಾಸ ಅಷ್ಟು ಎದ್ದು ಕಾಣುವುದಿಲ್ಲ. ಪುಸ್ತಕದಲ್ಲಿ ಓದಿದ ಇಲಿಯ ಚಿತ್ರವನ್ನು ಆಡಿನ ಮೇಲೆ ಹೇರಬೇಡಿ.

ಸಾಮಾನ್ಯ ತಾಪದಲ್ಲಿ 24 ಗಂಟೆ ಸಾಕು, 48 ದಾಟಿಸಬೇಡಿ. ಫಾರ್ಮಾಲ್ಡಿಹೈಡ್ ಪ್ರೋಟೀನ್‌ಗಳ ನಡುವೆ ಮೀಥೈಲೀನ್ ಸೇತುವೆಗಳನ್ನು ಕಟ್ಟಿ ಹಿಡಿದಿಡುತ್ತದೆ, ಹೆಚ್ಚು ದಿನ ಬಿಟ್ಟಷ್ಟೂ ಸೇತುವೆ ಹೆಚ್ಚಿ ಪ್ರತಿಕಾಯಕ್ಕೆ ಕೂರಲು ಜಾಗವೇ ಇಲ್ಲದಂತಾಗುತ್ತದೆ. ಕೂಡಲೇ ಮುಂದಿನ ಕೆಲಸ ಆಗದಿದ್ದರೆ 70 ಪ್ರತಿಶತ ಆಲ್ಕೋಹಾಲ್‌ಗೆ ದಾಟಿಸಿ. ಕಾಲೇಜಿನ ಮ್ಯೂಸಿಯಂ ಕಪಾಟಿನಲ್ಲಿ ವರ್ಷಗಟ್ಟಲೆ ಫಾರ್ಮಲಿನ್‌ನಲ್ಲಿ ಕೂತ ಜಾಡಿಗಳಿವೆಯಲ್ಲ, ಅವುಗಳಿಂದ ತುಣುಕು ತಂದು ಪ್ರತಿಕಾಯ ಹಾಕಿಕೊಡಿ ಎನ್ನುವವರಿಗೆ ನಾನು ಕಾಫಿ ಕೊಟ್ಟು ಕಳಿಸುತ್ತೇನೆ. ಅಂಗರಚನೆ ನೋಡಲು ಅವು ಆಗಬಹುದು, ಪ್ರೋಟೀನ್ ಹುಡುಕಲು ಆಗುವುದಿಲ್ಲ. ಮೇಣದ ಬ್ಲಾಕ್ ಆದರೆ ಬೇರೆ ಮಾತು, ಸರಿಯಾಗಿ ಮಾಡಿದ ಬ್ಲಾಕ್ ಹತ್ತಾರು ವರ್ಷ ಕಳೆದರೂ ಮಾತನಾಡುತ್ತದೆ.

ಮೇಣ ಮತ್ತು ಕತ್ತರಿಕೆ

ಇದು ಎಲ್ಲ ಲ್ಯಾಬಿನಲ್ಲೂ ನಡೆಯುವುದೇ: ಆಲ್ಕೋಹಾಲ್ 70, 90, 100 ಹೀಗೆ ಏರಿಸಿ ನೀರು ತೆಗೆಯುವುದು, ಕ್ಸೈಲೀನ್, ಆಮೇಲೆ 58ರಿಂದ 60 ಡಿಗ್ರಿಯಲ್ಲಿ ಕರಗಿದ ಮೇಣ. ನೀರು ಪೂರ್ತಿ ಹೋಗದಿದ್ದರೆ ಬ್ಲಾಕ್ ನಡುವೆ ಕುಸಿಯುತ್ತದೆ. ಮೇಣದ ತಾಪ 60 ದಾಟಿದರೆ ಪ್ರೋಟೀನ್ ಕೆಡುತ್ತದೆ, ಓವನ್ನಿನ ಗುಂಡಿಯನ್ನು ನಂಬದೆ ಥರ್ಮಾಮೀಟರ್ ಇಟ್ಟು ನೋಡಿ. 4 ಮೈಕ್ರೋಮೀಟರ್ ದಪ್ಪದ ಸೆಕ್ಷನ್ (ತೆಳು ಹೋಳು) ತೆಗೆಯಿರಿ. ಬ್ಲಾಕನ್ನು ಐಸ್ ಮೇಲೆ ಇಟ್ಟು ಕತ್ತರಿಸಿದರೆ ರಿಬ್ಬನ್ ಸುಕ್ಕುಗಟ್ಟುವುದಿಲ್ಲ. ಪ್ರತಿಕಾಯದ ಕೆಲಸಕ್ಕೆ ಪಾಲಿ-ಎಲ್-ಲೈಸಿನ್ ಲೇಪಿಸಿದ ಸ್ಲೈಡ್ ಬೇಕೇ ಬೇಕು, ಇಲ್ಲದಿದ್ದರೆ ಕುದಿಸುವಾಗ ಸೆಕ್ಷನ್ ಎದ್ದು ತೇಲುತ್ತದೆ. ಕತ್ತರಿಸಿದ ಸೆಕ್ಷನ್‌ಗಳನ್ನು ತಿಂಗಳುಗಟ್ಟಲೆ ಕಾಪಿಡಬೇಡಿ, ಬೇಕಾದಾಗ ಹೊಸದಾಗಿ ಕತ್ತರಿಸಿ.

ಒಂದು ವಿಷಯ ನೆನಪಿರಲಿ. ಆಲ್ಕೋಹಾಲ್ ಮತ್ತು ಕ್ಸೈಲೀನ್ ಕೋಶಪೊರೆಯ ಕೊಬ್ಬನ್ನು ಕರಗಿಸಿ ಒಯ್ದಿರುತ್ತವೆ. ಮೇಣದ ಸೆಕ್ಷನ್‌ನಲ್ಲಿ ಉಳಿದಿರುವುದು ಪೊರೆಯಲ್ಲ, ಪೊರೆ ಇದ್ದ ಜಾಗದ ಪ್ರೋಟೀನ್.

ಪ್ರತಿಕಾಯಕ್ಕೆ ಮೊದಲು ಸಾದಾ ಬಣ್ಣ

ಎಲ್ಲರಿಗೂ ಪ್ರತಿಕಾಯದ ಮೇಲೇ ಕಣ್ಣು. ನಾನು ಮಾತ್ರ ಹಿಮಟಾಕ್ಸಿಲಿನ್-ಇಯೊಸಿನ್ ಸ್ಲೈಡನ್ನು ಓದಿ ತೋರಿಸದೆ ಫ್ರಿಜ್ ಬಾಗಿಲು ತೆರೆಯಲು ಬಿಡುವುದಿಲ್ಲ. ಹಿಮಟಾಕ್ಸಿಲಿನ್ ಐದಾರು ನಿಮಿಷ, ಆಮ್ಲ ಬೆರೆಸಿದ ಆಲ್ಕೋಹಾಲ್‌ನಲ್ಲಿ ಒಂದು ಮುಳುಗು, ಹರಿಯುವ ನೀರಿನಲ್ಲಿ ನೀಲಿಯಾಗುವವರೆಗೆ ತೊಳೆತ, ಇಯೊಸಿನ್ ಒಂದೆರಡು ನಿಮಿಷ. ನೀಲಿಯಾಗಲು ನೀರು ತುಸು ಕ್ಷಾರವಾಗಿರಬೇಕು. ನಲ್ಲಿಯಲ್ಲಿ ಬರುವ ಹೇಮಾವತಿ ನೀರಿಗಿಂತ ನಮ್ಮ ಬೋರ್‌ವೆಲ್ಲಿನ ಗಡಸು ನೀರಿನಲ್ಲಿ ಇದು ಬೇಗ ಆಗುತ್ತದೆ. ಬೇಳೆ ಬೇಯಿಸಲು ಬಾರದ ನೀರು ಇಲ್ಲಿ ಉಪಯೋಗಕ್ಕೆ ಬಂತು.

ಈಗ 40ರ ಮಸೂರದಲ್ಲಿ ನೋಡಿ. ದುಂಡಗೆ ಕೂತ ಕೋಶಗಳ ಗುಂಪು, ಪ್ರತಿ ಕೋಶವೂ ಒಳಮುಖವಾಗಿ ಚೂಪು. ಹೊರಗಿನ ಅಂಚಿನ ಕಡೆ, ಕೋಶಕೇಂದ್ರದ ಸುತ್ತ, ಗಾಢ ನೀಲಿ. ಅಲ್ಲಿ ಒರಟು ಎಂಡೋಪ್ಲಾಸ್ಮಿಕ್ ರೆಟಿಕ್ಯುಲಂ ಒತ್ತೊತ್ತಾಗಿದೆ, ಅದರ ಮೇಲಿನ ರೈಬೋಸೋಮ್‌ಗಳ ಆರ್‌ಎನ್‌ಎ ಹಿಮಟಾಕ್ಸಿಲಿನ್ ಹಿಡಿದುಕೊಂಡಿದೆ. ಒಳತುದಿಯ ಕಡೆ ಮಿನುಗುವ ಗುಲಾಬಿ ಕಾಳುಗಳು. ಅವೇ ಕಿಣ್ವ ತುಂಬಿದ ಕಣಗಳು. ಪ್ರತಿಕಾಯವಿಲ್ಲ, ಖರ್ಚಿಲ್ಲ, ಪ್ರೋಟೀನ್ ಹುಟ್ಟುವ ಜಾಗವೂ ಹೊರಡುವ ಜಾಗವೂ ಒಂದೇ ನೋಟದಲ್ಲಿ ಸಿಕ್ಕವು. ನಡುವಿನ ಗಾಲ್ಗಿ? ಮೇದೋಜೀರಕದಲ್ಲಿ ಅದು ಕೋಶಕೇಂದ್ರಕ್ಕೂ ಕಣಗಳಿಗೂ ನಡುವೆ ಅವಿತಿರುತ್ತದೆ. ಅದನ್ನು ಬೇರೆ ವಿಶೇಷ ಬಣ್ಣವಿಲ್ಲದೆ, ಈ ಸಾದಾ ಬಣ್ಣದಲ್ಲೇ ನೋಡಬೇಕೆಂದರೆ ಸಣ್ಣ ಕರುಳಿನ ಸೆಕ್ಷನ್ ತೆಗೆದು ಪ್ಲಾಸ್ಮಾ ಕೋಶಗಳನ್ನು ಹುಡುಕಿ. ಪ್ರತಿಕಾಯ ತಯಾರಿಸುವ ಈ ಕೋಶಗಳ ದೇಹವೆಲ್ಲ ನೀಲಿನೇರಳೆ, ಒಂದು ಪಕ್ಕಕ್ಕೆ ಸರಿದ ಕೋಶಕೇಂದ್ರದ ಮಗ್ಗುಲಲ್ಲಿ ಮಾತ್ರ ಒಂದು ಬಿಳಿಚಿದ ಮಚ್ಚೆ. ಆ ಮಚ್ಚೆಯೇ ಗಾಲ್ಗಿ. ಕ್ಯಾಮಿಲೊ ಗಾಲ್ಗಿ 1898ರಲ್ಲಿ ಬೆಳ್ಳಿಯ ಉಪ್ಪು ಹಿಡಿಸಿ ಗೂಬೆಯ ಮೆದುಳಿನಲ್ಲಿ ಇದನ್ನು ಮೊದಲು ತೋರಿಸಿದಾಗ, ಇದು ಬರೀ ಬಣ್ಣದ ಕಲೆ ಎಂದು ವಾದಿಸಿದವರು ಬಹಳ ಮಂದಿ. ಆ ಜಗಳ ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ಬರುವವರೆಗೂ ನಡೆಯಿತು.

ಕರುಳು ಹೇಗೂ ಕೈಯಲ್ಲಿರುವಾಗ ಪಿ.ಎ.ಎಸ್. ಬಣ್ಣವನ್ನೂ ಹಾಕಿ. ಪೀರಿಯಾಡಿಕ್ ಆಮ್ಲ ಹತ್ತು ನಿಮಿಷ, ಶಿಫ್ ದ್ರಾವಣ ಹದಿನೈದು ನಿಮಿಷ, ನಲ್ಲಿ ನೀರಿನಲ್ಲಿ ಹತ್ತು ನಿಮಿಷ. ಲೋಳೆ ಸ್ರವಿಸುವ ಗಾಬ್ಲೆಟ್ ಕೋಶಗಳು ಕಡುಗೆಂಪು ನೇರಳೆಯಾಗಿ ಎದ್ದು ನಿಲ್ಲುತ್ತವೆ. ಈ ಬಣ್ಣ ಹಿಡಿಯುವುದು ಪ್ರೋಟೀನನ್ನಲ್ಲ, ಅದಕ್ಕೆ ಅಂಟಿದ ಸಕ್ಕರೆಯನ್ನು. ಲೋಳೆಯ ಪ್ರೋಟೀನಿಗೆ ಸಕ್ಕರೆ ಸೇರುವುದು ಮುಖ್ಯವಾಗಿ ಗಾಲ್ಗಿಯಲ್ಲಿ. 1966ರಲ್ಲಿ ಮರಿಯನ್ ನ್ಯೂಟ್ರಾ ಮತ್ತು ಚಾರ್ಲ್ಸ್ ಲೆಬ್ಲಾಂಡ್ ಇಲಿಗಳಿಗೆ ವಿಕಿರಣಶೀಲ ಗ್ಲೂಕೋಸ್ ಕೊಟ್ಟು ಇದೇ ಗಾಬ್ಲೆಟ್ ಕೋಶಗಳಲ್ಲಿ ಅದನ್ನು ತೋರಿಸಿದರು. ಹಾಗಾಗಿ ಗಾಢ ನೇರಳೆ ಕಂಡಲ್ಲೆಲ್ಲ ಸರಕು ಗಾಲ್ಗಿಯ ಬಾಗಿಲು ದಾಟಿ ಬಂದಿದೆ ಎಂದು ಹೇಳಲು ನಿಮಗೆ ಆಧಾರವಿದೆ. ತಳದ ಭಾಗಕ್ಕೆ ಬಣ್ಣ ಅಷ್ಟಾಗಿ ಹತ್ತದಿರುವುದೂ ಒಂದು ಫಲಿತಾಂಶ, ಅದನ್ನೂ ಬರೆಯಿರಿ.

ಪ್ರತಿಕಾಯದ ದಿನ

ಮೊದಲು ಆಯ್ಕೆ. ಅಮೈಲೇಸ್ ಪ್ರತಿಕಾಯ ಕಣಗಳನ್ನು ತೋರಿಸುತ್ತದೆ. ಕ್ಯಾಲ್ನೆಕ್ಸಿನ್ ಎಂಡೋಪ್ಲಾಸ್ಮಿಕ್ ರೆಟಿಕ್ಯುಲಂ ತೋರಿಸುತ್ತದೆ. ಜಿ.ಎಂ.130 ಗಾಲ್ಗಿಯ ಒಳಬರುವ ಮುಖವನ್ನು ತೋರಿಸುತ್ತದೆ. ಮೂರನ್ನೂ ಒಂದರ ಪಕ್ಕ ಒಂದು ಕತ್ತರಿಸಿದ ಸೆಕ್ಷನ್‌ಗಳಲ್ಲಿ ಹಾಕಿದರೆ ನಿಮ್ಮ ನಕ್ಷೆ ಪೂರ್ಣ. ಗ್ರಂಥಿಯಲ್ಲಿ ಅಲ್ಲಲ್ಲಿ ತಿಳಿಯಾಗಿ ಕಾಣುವ ದ್ವೀಪಗಳಿಗೆ ಇನ್ಸುಲಿನ್ ಪ್ರತಿಕಾಯ ಹಾಕಬಹುದು. ಹಸುವಿನ ಇನ್ಸುಲಿನ್‌ಗೂ ಮನುಷ್ಯನದಕ್ಕೂ ಬರೀ 3 ಅಮೈನೋ ಆಮ್ಲಗಳ ವ್ಯತ್ಯಾಸ, ಆಡು ಕುರಿಗಳದ್ದೂ ಹತ್ತಿರವೇ, ಆದ್ದರಿಂದ ಮನುಷ್ಯರಿಗೆಂದು ಮಾರುವ ಪ್ರತಿಕಾಯ ಸಾಮಾನ್ಯವಾಗಿ ಕೆಲಸ ಮಾಡುತ್ತದೆ. ಪ್ರೋಇನ್ಸುಲಿನ್ ಆಸೆ ಮಾತ್ರ ನೋಡಿಕೊಂಡು ಪಡಿ. ಅದು ಗಾಲ್ಗಿಯ ಸುತ್ತ ಇರುತ್ತದೆ, ಕತ್ತರಿಸಿ ಇನ್ಸುಲಿನ್ ಆಗುವುದು ಎಳೆಯ ಕಣಗಳಲ್ಲಿ, ಹಾಗಾಗಿ ಎರಡನ್ನೂ ಅಕ್ಕಪಕ್ಕ ತೋರಿಸಿದರೆ ಚಂದದ ಕೆಲಸ. ಆದರೆ ನಡುವಿನ ಸಿ-ಪೆಪ್ಟೈಡ್ ಭಾಗ ಪ್ರಾಣಿಯಿಂದ ಪ್ರಾಣಿಗೆ ಬಹಳ ಬದಲಾಗುತ್ತದೆ. ಮನುಷ್ಯನದಕ್ಕೆ ಮಾಡಿದ ಪ್ರತಿಕಾಯ ಆಡಿನಲ್ಲಿ ಸುಮ್ಮನಿದ್ದುಬಿಡುವ ಸಾಧ್ಯತೆ ಹೆಚ್ಚು. ಕೊಳ್ಳುವ ಮೊದಲು ವಿವರಪತ್ರದಲ್ಲಿ ಎರಡು ವಿಷಯ ನೋಡಿ: ಮೇಣದ ಸೆಕ್ಷನ್‌ಗೆ ಆಗುತ್ತದೆಯೇ, ಮೆಲುಕು ಹಾಕುವ ಪ್ರಾಣಿಗೆ ಆಗುತ್ತದೆಯೇ.

ಇನ್ನೊಂದು ಎಚ್ಚರಿಕೆ ನಮ್ಮ ಕೆಲಸಕ್ಕೇ ವಿಶೇಷವಾದದ್ದು. ಆಡಿನಲ್ಲಿ ತಯಾರಿಸಿದ ಪ್ರಾಥಮಿಕ ಪ್ರತಿಕಾಯವನ್ನು, ಅಂದರೆ ನಾವು ಹುಡುಕುವ ಪ್ರೋಟೀನನ್ನು ನೇರವಾಗಿ ಹಿಡಿಯುವುದನ್ನು, ಆಡಿನ ಅಂಗಾಂಶಕ್ಕೆ ಹಾಕಬಾರದು. ಅದನ್ನು ಹಿಡಿಯಲು ಬರುವ ಎರಡನೆಯ ಪ್ರತಿಕಾಯಕ್ಕೆ ಆಡಿನ ಯಾವ ಪ್ರತಿಕಾಯವಾದರೂ ಒಂದೇ, ಅಂಗಾಂಶದ ರಕ್ತದಲ್ಲೇ ಅದು ಬೇಕಾದಷ್ಟಿದೆ. ಸ್ಲೈಡೆಲ್ಲ ಕಂದು. ಕುರಿಯದ್ದೂ ಆಡಿನದ್ದೂ ಹತ್ತಿರದ ನೆಂಟರು, ಅಲ್ಲೂ ಹೀಗೆಯೇ. ಮೊಲದಲ್ಲಿ ತಯಾರಾದದ್ದನ್ನು ತೆಗೆದುಕೊಳ್ಳಿ.

ಆಮೇಲೆ ಕುದಿಸುವ ಕೆಲಸ. ಫಾರ್ಮಲಿನ್ ಕಟ್ಟಿದ ಸೇತುವೆಗಳನ್ನು ಬಿಸಿಯಿಂದ ಬಿಡಿಸಬಹುದೆಂದು 1991ರಲ್ಲಿ ಷಿ ಮತ್ತು ಸಂಗಡಿಗರು ಮೈಕ್ರೋವೇವ್ ಬಳಸಿ ತೋರಿಸಿದ ಮೇಲೆಯೇ ಹಳೆಯ ಬ್ಲಾಕುಗಳಿಗೆ ಇಷ್ಟು ಬೆಲೆ ಬಂದದ್ದು. ಟ್ರೈಸೋಡಿಯಂ ಸಿಟ್ರೇಟ್ ಡೈಹೈಡ್ರೇಟ್ 2.94 ಗ್ರಾಂ ಒಂದು ಲೀಟರ್ ಭಟ್ಟಿ ಇಳಿಸಿದ ನೀರಿಗೆ, ಹೈಡ್ರೋಕ್ಲೋರಿಕ್ ಆಮ್ಲದಿಂದ ಪಿಎಚ್ 6ಕ್ಕೆ ತನ್ನಿ, ಟ್ವೀನ್-20 ಅರ್ಧ ಮಿಲಿಲೀಟರ್. ವಿದೇಶಿ ವಿವರಪತ್ರಗಳು 95ರಿಂದ 98 ಡಿಗ್ರಿಯಲ್ಲಿ 20 ನಿಮಿಷ ಎನ್ನುತ್ತವೆ. ಹಾಸನ ಸಮುದ್ರಮಟ್ಟದಿಂದ ಸುಮಾರು 950 ಮೀಟರ್ ಮೇಲಿದೆ. ಇಲ್ಲಿ ತೆರೆದ ಪಾತ್ರೆಯ ನೀರು 97 ಡಿಗ್ರಿಯ ಆಸುಪಾಸಿನಲ್ಲೇ ಕುದಿಯುತ್ತದೆ, ಚಿಕ್ಕಮಗಳೂರಿನಲ್ಲಿ ಇನ್ನೂ ತುಸು ಮೊದಲೇ. 98ಕ್ಕೆ ಏರಲಿ ಎಂದು ಕಾಯುತ್ತ ಕೂತರೆ ಗುಳ್ಳೆಗಳು ಸೆಕ್ಷನ್ನನ್ನು ಕಿತ್ತೊಯ್ಯುತ್ತವೆ. ನೀರಿನ ಬಾತ್‌ನಲ್ಲಿ 95ಕ್ಕೆ ಇಡಿ, ಸಾಕು. ನನಗೆ ಇಷ್ಟವಾದದ್ದು ಸ್ಟೀಲಿನ ಪ್ರೆಷರ್ ಕುಕ್ಕರ್: ಬಫರ್ ಮೊದಲೇ ಕುದಿಯುತ್ತಿರಲಿ, ಸ್ಲೈಡ್ ಇಳಿಸಿ, ಒತ್ತಡ ಪೂರ್ತಿ ಏರಿದ ಮೇಲೆ 3 ನಿಮಿಷ. ಊರಿನ ಎತ್ತರದ ಗೊಡವೆಯೇ ಇಲ್ಲ. ಒತ್ತಡ ತಾನಾಗಿ ಇಳಿದ ಮೇಲೆ ಬಫರ್‌ನಲ್ಲೇ 20 ನಿಮಿಷ ತಣಿಯಲಿ. ಆ ಕುಕ್ಕರ್ ಮತ್ತೆ ಅಡುಗೆಮನೆಗೆ ಹೋಗಬಾರದು, ಮೇಲೆ ಬಣ್ಣದಲ್ಲಿ ದೊಡ್ಡದಾಗಿ ಬರೆದಿಡಿ.

ಮುಂದಿನದು ಹೀಗೆ. 3 ಪ್ರತಿಶತ ಹೈಡ್ರೋಜನ್ ಪೆರಾಕ್ಸೈಡ್ ಹತ್ತು ನಿಮಿಷ, ಕೆಂಪು ರಕ್ತಕಣಗಳ ಸ್ವಂತ ಪೆರಾಕ್ಸಿಡೇಸ್ ಚಟುವಟಿಕೆ ಅಡಗಲು. 5 ಪ್ರತಿಶತ ಬಿ.ಎಸ್.ಎ. (ಹಸುವಿನ ರಕ್ತದ ಆಲ್ಬುಮಿನ್) ಅರ್ಧ ಗಂಟೆ, ಕಂಡಕಂಡಲ್ಲಿ ಪ್ರತಿಕಾಯ ಅಂಟದಿರಲು. ಪ್ರಾಥಮಿಕ ಪ್ರತಿಕಾಯ ರಾತ್ರಿಯಿಡೀ 4 ಡಿಗ್ರಿಯಲ್ಲಿ, ಒದ್ದೆ ಟಿಶ್ಯೂ ಹಾಸಿದ ಮುಚ್ಚಳದ ಡಬ್ಬಿಯಲ್ಲಿ. ಸ್ಲೈಡ್ ಒಣಗಿತೆಂದರೆ ಅಂಚೆಲ್ಲ ಸುಳ್ಳು ಕಂದು. ಮೊದಲ ಸಲ 1:100, 1:200, 1:400, 1:800 ಹೀಗೆ ನಾಲ್ಕು ಸ್ಲೈಡ್ ಮಾಡಿ ಯಾವುದು ಶುಭ್ರವೋ ಅದನ್ನು ಆರಿಸಿ. ಬೆಳಗ್ಗೆ ತೊಳೆದು, ಪೆರಾಕ್ಸಿಡೇಸ್ ಕಿಣ್ವ ಹೊತ್ತ ಎರಡನೆಯ ಪ್ರತಿಕಾಯ. ಇಲ್ಲಿ ಬಯೋಟಿನ್ ಆಧಾರದ ಕಿಟ್ ಬೇಡ. ಮೇದೋಜೀರಕ, ಲಿವರ್, ಮೂತ್ರಪಿಂಡಗಳಲ್ಲಿ ಬಯೋಟಿನ್ ಮೊದಲೇ ಇದೆ, ಕುದಿಸಿದ ಮೇಲೆ ಅದು ಇನ್ನಷ್ಟು ಬಯಲಾಗುತ್ತದೆ. ಪಾಲಿಮರ್ ಕಿಟ್ ಕೇಳಿ. ಕೊನೆಗೆ, ಆ ಪೆರಾಕ್ಸಿಡೇಸ್ ಇರುವಲ್ಲಿ ಕಂದಾಗುವ ಡಿ.ಎ.ಬಿ. ಹಾಕಿ ಸೂಕ್ಷ್ಮದರ್ಶಕದಡಿಯಲ್ಲೇ ಕಂದು ಏರುವುದನ್ನು ನೋಡಿ ನಿಲ್ಲಿಸಿ. ಒಂದು ಸ್ಲೈಡಿಗೆ 3 ನಿಮಿಷ ಕೊಟ್ಟರೆ ಎಲ್ಲಕ್ಕೂ 3 ನಿಮಿಷವೇ. ಹಿಮಟಾಕ್ಸಿಲಿನ್ ತೆಳುವಾಗಿ, ಇಲ್ಲವಾದರೆ ತಳದ ನೀಲಿ ಕಂದನ್ನು ನುಂಗುತ್ತದೆ.

ಪ್ರತಿ ಸಲವೂ ಒಂದು ಸ್ಲೈಡಿಗೆ ಪ್ರಾಥಮಿಕ ಪ್ರತಿಕಾಯ ಹಾಕದೆ ಬರೀ ಬಫರ್ ಹಾಕಿ ಉಳಿದದ್ದನ್ನೆಲ್ಲ ಮಾಡಬೇಕು. ಅದರಲ್ಲೂ ಕಂದು ಬಂದರೆ ಬೇರೆ ಸ್ಲೈಡುಗಳ ಕಂದಿಗೆ ಬೆಲೆಯಿಲ್ಲ. ಹುಳಿ ಫಾರ್ಮಲಿನ್‌ನ ಪುಡಿಯೋ ಎಂಬ ಅನುಮಾನವಿದ್ದರೆ ಧ್ರುವೀಕೃತ ಬೆಳಕಿನಲ್ಲಿ ನೋಡಿ. ಪುಡಿ ಹೊಳೆಯುತ್ತದೆ, ಡಿ.ಎ.ಬಿ. ಹೊಳೆಯುವುದಿಲ್ಲ. ಪ್ರತಿಕಾಯಕ್ಕೆ ಮೊದಲು ಪಿಕ್ರಿಕ್ ಆಮ್ಲ ಕರಗಿಸಿದ ಆಲ್ಕೋಹಾಲ್‌ನಲ್ಲಿ ಇಟ್ಟರೆ ಪುಡಿ ಹೋಗುತ್ತದೆ.

ಎಣಿಕೆ ಮತ್ತು ಬರವಣಿಗೆ

4 ಮೈಕ್ರೋಮೀಟರ್ ಸೆಕ್ಷನ್ ಕೋಶವನ್ನು ಎಲ್ಲಿ ಬೇಕಾದರೂ ಸೀಳಿರುತ್ತದೆ. ಕೋಶಕೇಂದ್ರ, ತಳ ಮತ್ತು ನಾಳದ ಕಡೆಯ ತುದಿ ಮೂರೂ ಒಟ್ಟಿಗೆ ಕಾಣುವ ಕೋಶಗಳನ್ನು ಮಾತ್ರ ಎಣಿಸಿ, ಉಳಿದವನ್ನು ಬಿಡಿ. ತುಣುಕಿನ ಹೊರ ಅಂಚಿನಿಂದ ಒಂದೇ ಆಳದ ಜಾಗಗಳನ್ನು ಹೋಲಿಸಿ. ಸ್ಲೈಡಿನ ಹೆಸರನ್ನು ಪಟ್ಟಿಯಿಂದ ಮುಚ್ಚಿ, ಯಾವುದು ಯಾವುದೆಂದು ಗೊತ್ತಿಲ್ಲದ ಗೆಳೆಯರಿಂದ ಎಣಿಸಿ. ಒಂದು ಆಡಿನ 100 ಕೋಶ ಎಣಿಸಿದರೆ ನಿಮ್ಮ ಮಾದರಿಯ ಸಂಖ್ಯೆ 100 ಆಗುವುದಿಲ್ಲ, 1 ಆಗುತ್ತದೆ. ಇದಕ್ಕಾಗಿ ನನ್ನೊಂದಿಗೆ ಜಗಳವಾಡಿದವರು ಬಹಳ ಮಂದಿ, ಪರೀಕ್ಷಕರ ಮುಂದೆ ಗೆದ್ದವರು ಯಾರೂ ಇಲ್ಲ.

ವರದಿಯಲ್ಲಿ "ಅಮೈಲೇಸ್ ಕೋಶದ ತುದಿಯ ಕಣಗಳಲ್ಲಿ ಕಂಡುಬಂತು" ಎನ್ನಿ. "ಸಾಗುತ್ತಿತ್ತು" ಎನ್ನಬೇಡಿ. ರೆಟಿಕ್ಯುಲಂನಿಂದ ಗಾಲ್ಗಿಗೆ ಸರಕು ಒಯ್ಯುವ ಕಿರುಚೀಲಗಳು ಸಾಮಾನ್ಯವಾಗಿ 100 ನ್ಯಾನೋಮೀಟರ್‌ಗಿಂತ ಚಿಕ್ಕವು, ನಮ್ಮ ಸೂಕ್ಷ್ಮದರ್ಶಕಕ್ಕೆ ಸಿಗುವುದಿಲ್ಲ. ಅವನ್ನು ನೋಡಬೇಕಾದವರು ಅದೇ ದಿನ ಒಂದು ಮಿಲಿಮೀಟರ್ ಚೂರನ್ನು 2.5 ಪ್ರತಿಶತ ಗ್ಲುಟರಾಲ್ಡಿಹೈಡ್‌ಗೆ ಹಾಕಿ, ಎಲೆಕ್ಟ್ರಾನ್ ಸೂಕ್ಷ್ಮದರ್ಶಕವಿರುವ ಕಡೆಗೆ ಒಯ್ಯಬೇಕು. ಮೇಣದ ಬ್ಲಾಕ್ ಹಿಡಿದುಕೊಂಡು ಅಲ್ಲಿಗೆ ಹೋದರೆ ಪ್ರಯೋಜನವಿಲ್ಲ.

ಕೆಲಸ ಮುಗಿದ ಮೇಲೆ

ಫಾರ್ಮಾಲ್ಡಿಹೈಡ್ ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುವೆಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಮೊದಲ ಗುಂಪಿನಲ್ಲೇ ಸೇರಿಸಿದೆ. ಡಿ.ಎ.ಬಿ. ಮೇಲೂ ಅದೇ ಅನುಮಾನವಿದೆ. ಕೈಗವಸು, ಕಿಟಕಿ ತೆರೆದ ಕೋಣೆ, ಸಾಧ್ಯವಾದರೆ ಹೊಗೆ ಹೀರುವ ಹುಡ್. ಎರಡನ್ನೂ ಸಿಂಕಿಗೆ ಸುರಿಯಬೇಡಿ, ಬೇರೆ ಬೇರೆ ಕ್ಯಾನ್‌ಗಳಲ್ಲಿ ಕೂಡಿಟ್ಟು ರಾಸಾಯನಿಕ ತ್ಯಾಜ್ಯವಾಗಿ ಒಪ್ಪಿಸಿ. ಉಳಿದ ತುಣುಕುಗಳು ಜೈವಿಕ ತ್ಯಾಜ್ಯದ ಹಳದಿ ಚೀಲಕ್ಕೆ. ಬ್ಲಾಕುಗಳನ್ನು ಮಾತ್ರ ಯಾರು ಹೇಳಿದರೂ ಎಸೆಯಬೇಡಿ, ಮುಂದಿನ ವರ್ಷ ಬರುವವರಿಗೆ ಹೊಸ ಪ್ರತಿಕಾಯ ಸಿಕ್ಕರೆ ಅದೇ ಆಡಿನಿಂದ ಇನ್ನೊಂದು ಸೆಕ್ಷನ್ ತೆಗೆಯಬಹುದು. ತಂಪಾದ ಜಾಗದಲ್ಲಿ, ಬಿಗಿಯಾದ ತಗಡಿನ ಡಬ್ಬಿಯಲ್ಲಿ ಇಡಿ. ರಟ್ಟಿನ ಪೆಟ್ಟಿಗೆಯಾದರೆ ಮಳೆಗಾಲದಲ್ಲಿ ಇಲಿ ಬರುತ್ತದೆ, ಅದಕ್ಕೆ ಮೇಣವೂ ಆಗುತ್ತದೆ, ಒಳಗಿನ ಮೇದೋಜೀರಕವೂ ಆಗುತ್ತದೆ.